ಶುಕ್ರವಾರದ ಪಟ್ಟಿಗೆ ಸಿಗದ ಹಾಡುಗಳು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪುರವಣಿಯ ಹೊಸ ಹಾಡುಗಳ ಅಂಕಣದಲ್ಲಿ ಜಮೈಕಾದ ರೆಗೆ ಮತ್ತು ಡಾನ್ಸ್‌ಹಾಲ್, ಅಮೆರಿಕದ ಹಿಪ್‌ಹಾಪ್, ಈ ಮೂರಕ್ಕೂ ಸೇರಿಸಿ ಒಂದು ಪಟ್ಟಿ ಬರುತ್ತಿದೆ. ಈ ಸಂಗೀತಕ್ಕೆ ಕನ್ನಡ ಪತ್ರಿಕೆಯಲ್ಲಿ ಜಾಗ ಸಿಕ್ಕಿದ್ದೇ ಖುಷಿ. ಆದರೆ ಪಟ್ಟಿ ತಯಾರಾಗುವ ರೀತಿಯಲ್ಲೇ ಒಂದು ಎಡವಟ್ಟಿದೆ. ಹೊಸ ಹಾಡು ಬಿಡುಗಡೆಯಾಗುವ ಶುಕ್ರವಾರ ಬೆಳಗ್ಗೆ ಹಾಡು ಕೇಳುವ ಆ್ಯಪ್ ತೋರಿಸುವ ಗಾಯಕರ ಹೆಸರು ಮತ್ತು ಬಿಡುಗಡೆಯ ದಿನಾಂಕ, ಈ ಎರಡನ್ನೇ ನಂಬಿ ಬರೆದಂತೆ ಕಾಣುತ್ತದೆ. ಪಾಪ್ ಸಂಗೀತಕ್ಕೆ ಅಷ್ಟು ಸಾಕು. ಜಮೈಕಾದ ಸಂಗೀತಕ್ಕೆ ಅದು ಏನೇನೂ ಸಾಲದು, ಹಿಪ್‌ಹಾಪ್‌ಗೆ ಅರ್ಧಂಬರ್ಧ ಸಾಕು. ಹೀಗಾಗಿಯೇ ಒಂದೇ ಹಿಮ್ಮೇಳದ ಮೇಲೆ ಬಂದ ಎರಡು ಹಾಡುಗಳಲ್ಲಿ ಒಂದು ಇನ್ನೊಂದರ ‘ನಕಲು’ ಎಂದು ಅಚ್ಚಾಯಿತು. ಎಂಬತ್ತರ ದಶಕದ ಹಾಡೊಂದು ‘ಈ ವಾರದ ಹೊಸತು’ ಎನಿಸಿಕೊಂಡಿತು.

ನಕಲಿನ ವಿಷಯ ಮೊದಲು. ಜಮೈಕಾದಲ್ಲಿ ಮೊದಲು ಹುಟ್ಟುವುದು ರಿಡಿಮ್. ಡ್ರಮ್, ಬಾಸ್, ಕೀಬೋರ್ಡ್ ಸೇರಿ ಆದ ಹಿಮ್ಮೇಳಕ್ಕೆ ಆ ಹೆಸರು. ಪ್ರತಿ ರಿಡಿಮ್‌ಗೂ ತನ್ನದೇ ಒಂದು ಅಂಕಿತನಾಮ ಇರುತ್ತದೆ. ನಿರ್ಮಾಪಕ ಅದನ್ನು ಎಂಟೋ ಹತ್ತೋ ಗಾಯಕರಿಗೆ ಹಂಚುತ್ತಾನೆ. ಒಬ್ಬೊಬ್ಬರೂ ಅದರ ಮೇಲೆ ತಮ್ಮದೇ ಧಾಟಿ, ತಮ್ಮದೇ ಮಾತು ಕೂರಿಸುತ್ತಾರೆ. ಯಕ್ಷಗಾನದ ‘ಮಟ್ಟು’ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ, ಆದರೆ ಸ್ವಲ್ಪ ತಿರುಗಿಸಿ ನೋಡಬೇಕು: ಮಟ್ಟಿನಲ್ಲಿ ಧಾಟಿ ಒಂದೇ, ಸಾಹಿತ್ಯ ಬೇರೆ, ರಿಡಿಮ್‌ನಲ್ಲಿ ಹಿಮ್ಮೇಳ ಮಾತ್ರ ಒಂದೇ, ಧಾಟಿಯೂ ಸಾಹಿತ್ಯವೂ ಬೇರೆ ಬೇರೆ. ಹೀಗೆ ಮಾಡುವುದಕ್ಕೆ ಎರಡು ಕಾರಣ. ಒಮ್ಮೆ ಹಿಮ್ಮೇಳಕ್ಕೆ ಹಾಕಿದ ಖರ್ಚು ಹತ್ತು ಹಾಡುಗಳ ಮೇಲೆ ಹಂಚಿಹೋಗುತ್ತದೆ. ಇನ್ನೊಂದು, ಕುಣಿತದ ಕಣದಲ್ಲಿ ಹಾಡು ಬದಲಾದರೂ ತಾಳ ಮುರಿಯುವುದಿಲ್ಲ. ಸೌಂಡ್ ಸಿಸ್ಟಂನ (ದೊಡ್ಡ ಧ್ವನಿವರ್ಧಕಗಳನ್ನಿಟ್ಟು ಕುಣಿತಕ್ಕೆ ಹಾಡು ಹಾಕುವ ತಂಡ) ಸೆಲೆಕ್ಟರ್ ಒಂದೇ ರಿಡಿಮ್‌ನ ಹಾಡುಗಳನ್ನು ಒಂದರ ಬೆನ್ನಿಗೆ ಒಂದು ಪೋಣಿಸುತ್ತಾ ಹೋಗುವುದನ್ನು ‘ಜಗ್ಲಿಂಗ್’ ಎನ್ನುತ್ತಾರೆ.

ಉದಾಹರಣೆಗೆ ದಿವಾಲಿ ರಿಡಿಮ್. ಹೆಸರು ನಮ್ಮ ದೀಪಾವಳಿಯದೇ. ಕಟ್ಟಿದವರು ಜಮೈಕಾದ ಸ್ಟೀವನ್ ‘ಲೆಂಕಿ’ ಮಾರ್ಸ್‌ಡೆನ್. ಬಿಟ್ಟುಬಿಟ್ಟು ಬೀಳುವ ಚಪ್ಪಾಳೆಯೇ ಅದರ ಗುರುತು. 2003ರಲ್ಲಿ ಶಾನ್ ಪಾಲ್‌ರ ‘ಗೆಟ್ ಬಿಜಿ’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರ ತುದಿ ಮುಟ್ಟಿತು. ವೇಯ್ನ್ ವಂಡರ್‌ರ ‘ನೋ ಲೆಟಿಂಗ್ ಗೋ’ ಹಾಗೂ ಲುಮಿಡೀ ಅವರ ‘ನೆವರ್ ಲೀವ್ ಯು’ ಕೂಡ ಅದೇ ಹೊತ್ತಿಗೆ ಅದೇ ಪಟ್ಟಿಯಲ್ಲಿದ್ದವು. ಮೂರಕ್ಕೂ ಚಪ್ಪಾಳೆ ಒಂದೇ. ಯಾರೂ ಯಾರನ್ನೂ ಕದಿಯಲಿಲ್ಲ. ಮೂರನ್ನೂ ಒಂದರ ಹಿಂದೊಂದು ಹಾಕಿ ಕೇಳಿದರೆ ಐದು ನಿಮಿಷದಲ್ಲಿ ರಿಡಿಮ್ ಎಂದರೇನೆಂದು ಕಿವಿಗೆ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಹಾಗಾಗಿ ಡಾನ್ಸ್‌ಹಾಲ್‌ನಲ್ಲಿ ಹೊಸತನ್ನು ಹಿಂಬಾಲಿಸುವುದೆಂದರೆ ರಿಡಿಮನ್ನೂ ಅದರ ನಿರ್ಮಾಪಕರನ್ನೂ ಹಿಂಬಾಲಿಸುವುದು. ಆ್ಯಪ್‌ಗಳು ಎಡವುವುದೂ ಇಲ್ಲೇ. ರಿಡಿಮ್ ಆಲ್ಬಂ ಸಾಮಾನ್ಯವಾಗಿ ‘ವೇರಿಯಸ್ ಆರ್ಟಿಸ್ಟ್ಸ್’ ಹೆಸರಿನಲ್ಲಿ ಬರುತ್ತದೆ. ನೀವು ಫಾಲೋ ಮಾಡಿದ ಗಾಯಕರ ಪುಟದಲ್ಲಿ ಅದು ಆಲ್ಬಂಗಳ ಸಾಲಿಗೆ ಸೇರದೆ, ತೀರಾ ಕೆಳಗಿನ ‘ಅಪಿಯರ್ಸ್ ಆನ್’ ವಿಭಾಗದಲ್ಲಿ ಕೂತಿರುತ್ತದೆ. ಅಷ್ಟು ಕೆಳಗೆ ಯಾರೂ ಇಳಿಯುವುದಿಲ್ಲ. ಸ್ಪಾಟಿಫೈ ಆ್ಯಪ್ ವಾರಕ್ಕೊಮ್ಮೆ ಕೊಡುವ ಹೊಸ ಹಾಡುಗಳ ಪಟ್ಟಿ ‘ರಿಲೀಸ್ ರೇಡಾರ್’ ಒಬ್ಬ ಗಾಯಕನದು ಒಂದು ಸಲಕ್ಕೆ ಒಂದೇ ಹಾಡು ತೋರಿಸುತ್ತದೆ. ಬೇಡಿಕೆಯಲ್ಲಿರುವ ಡೀಜೇ ಒಬ್ಬ ಒಂದೇ ವಾರ ಬೇರೆ ಬೇರೆ ನಿರ್ಮಾಪಕರಿಗೆ ನಾಲ್ಕು ಹಾಡು ಕೊಟ್ಟರೆ ಮೂರು ಅಲ್ಲೇ ಸೋರಿಹೋದವು. (ಜಮೈಕಾದಲ್ಲಿ ‘ಡೀಜೇ’ ಎಂದರೆ ತಾಳದ ಮೇಲೆ ಮಾತು ಕಟ್ಟಿ ಹಾಡುವವನು, ರೆಕಾರ್ಡ್ ಹಾಕುವವನು ಸೆಲೆಕ್ಟರ್. ನಿಮ್ಮ ಅಂಕಣದಲ್ಲಿ ಇದೂ ಅದಲುಬದಲಾಗಿದೆ.)

ಮಾಡಬೇಕಾದ್ದು ಇಷ್ಟು. ಹಾಡೊಂದು ಕಿವಿಗೆ ಬಿದ್ದರೆ ಮೂರು ಚುಕ್ಕಿ ಒತ್ತಿ ಕ್ರೆಡಿಟ್ಸ್ ತೆರೆದು ನಿರ್ಮಾಪಕರ ಹೆಸರು ಬರೆದುಕೊಳ್ಳಿ. ಆಮೇಲೆ ಆಲ್ಬಂನ ಕೊನೆಯ ಹಾಡಿನ ಕೆಳಗೆ ಸಣ್ಣಕ್ಷರದಲ್ಲಿರುವ ಲೇಬಲ್ (ಹಾಡನ್ನು ಹೊರತಂದ ಕಂಪನಿ) ಹೆಸರು ನೋಡಿ. ಅವೆರಡನ್ನೂ ಹುಡುಕಿದರೆ ಗಾಯಕರ ಪುಟದಲ್ಲಿ ಕಾಣದ ಹತ್ತಾರು ಹಾಡು ಸಿಗುತ್ತವೆ. ರಿಡಿಮ್ ಹುಡುಕುವಾಗ ಇಂಗ್ಲಿಷ್ ನಿಘಂಟಿನ ‘ರಿದಮ್’ ಕಾಗುಣಿತ ಹಾಕಿದರೆ ಏನೂ ಬರದು. ಜಮೈಕಾದ ಪಾಟ್ವಾ ಮಾತಿನ ಕಾಗುಣಿತವೇ ಬೇಕು, ನಡುವೆ ಎರಡು ‘ಡಿ’. ಆಲ್ಬಂ ಸಿಕ್ಕಿದ ಮೇಲೆ ಕೊನೆಯಲ್ಲಿ ‘ವರ್ಷನ್’ ಅಥವಾ ‘ಇನ್‌ಸ್ಟ್ರುಮೆಂಟಲ್’ ಎಂಬ ಟ್ರ್ಯಾಕ್ ಇದೆಯೇ ನೋಡಿ. ಅದೇ ಬರೀ ಹಿಮ್ಮೇಳ. ಮೊದಲು ಅದನ್ನು ಎರಡು ಸಲ ಕೇಳಿ ಬಾಸ್ ಸಾಲನ್ನು ತಲೆಯಲ್ಲಿ ಕೂರಿಸಿಕೊಂಡರೆ, ಮುಂದೆ ಎಲ್ಲೇ ಆ ರಿಡಿಮ್ ಬಂದರೂ ನಾಲ್ಕು ಸೆಕೆಂಡಿನಲ್ಲಿ ಗುರುತು ಸಿಗುತ್ತದೆ. ಇದೇನೂ ಹೊಸ ಪದ್ಧತಿಯಲ್ಲ. ಅರವತ್ತರ ದಶಕದ ಕೊನೆಯಿಂದಲೂ ಏಳಿಂಚಿನ ರೆಕಾರ್ಡಿನ ಎರಡನೇ ಬದಿಯಲ್ಲಿ ‘ವರ್ಷನ್’ ಹಾಕುತ್ತಾ ಬಂದಿದ್ದಾರೆ. ಹಿಮ್ಮೇಳವನ್ನೇ ತಿದ್ದಿ ಹೊಸ ರೂಪ ಕೊಡುವ ಡಬ್ ಸಂಗೀತ ಹುಟ್ಟಿದ್ದು ಆ ಎರಡನೇ ಬದಿಯಿಂದ.

ಇಲ್ಲೊಂದು ತೊಡಕಿದೆ. ರಿಡಿಮ್‌ಗಳು ಸಾಯುವುದಿಲ್ಲ. ಜಮೈಕಾದ ಸ್ಟುಡಿಯೋ ಒನ್ ಲೇಬಲ್‌ನ ‘ರಿಯಲ್ ರಾಕ್’ ರಿಡಿಮ್ 1967ರದು. ವಿನ್‌ಸ್ಟನ್ ರೈಲಿ ಹೊರತಂದ ‘ಸ್ಟ್ಯಾಲಗ್’ 1973ರದು. ಎರಡನ್ನೂ ಆಮೇಲೆ ಎಷ್ಟೋ ಜನ ಮತ್ತೆ ನುಡಿಸಿ ಹೊಸದಾಗಿ ಧ್ವನಿಮುದ್ರಿಸಿದ್ದಾರೆ. ‘ಸ್ಲೆಂಗ್ ಟೆಂಗ್’ ಬಂದದ್ದು 1985ರಲ್ಲಿ, ಕಿಂಗ್ ಜ್ಯಾಮಿಯ ಸ್ಟುಡಿಯೋದಿಂದ, ಹಾಡಿದವರು ವೇಯ್ನ್ ಸ್ಮಿತ್. ಕ್ಯಾಸಿಯೋ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನೊಳಗೆ ಮೊದಲೇ ತುಂಬಿಟ್ಟಿದ್ದ ‘ರಾಕ್’ ತಾಳವನ್ನು ನಿಧಾನಗೊಳಿಸಿದ್ದೇ ಅದರ ಬುನಾದಿ. ಆ ತಾಳವನ್ನು ಕಟ್ಟಿದವರು ಕಂಪನಿಯ ಜಪಾನಿ ಎಂಜಿನಿಯರ್ ಒಕುಡಾ ಹಿರೊಕೊ. ಅದರ ಮೇಲೆ ಇಂದಿಗೂ ಹಾಡು ಬರುತ್ತಿವೆ. ಹೀಗಾಗಿ ರಿಡಿಮ್‌ನ ಹೆಸರು ಹಳೆಯದು ಎಂದ ಮಾತ್ರಕ್ಕೆ ಹಾಡು ಹಳೆಯದಲ್ಲ, ಆಲ್ಬಂ ಹೊಸದು ಎಂದ ಮಾತ್ರಕ್ಕೆ ಹಿಮ್ಮೇಳ ಹೊಸದಲ್ಲ. ನಿರ್ಮಾಪಕರ ಹೆಸರು, ಇಸವಿ ಎರಡೂ ಹೊಂದಿದರೆ ಮಾತ್ರ ಅದೇ ಧ್ವನಿಮುದ್ರಣ ಎಂದು ನಂಬಬಹುದು.

ಇಸವಿಯನ್ನಾದರೂ ಎಲ್ಲಿ ನೋಡುವುದು? ಆ್ಯಪ್‌ನ ಮೇಲ್ಭಾಗದಲ್ಲಿ ಕಾಣುವ ದಿನಾಂಕ ವಿತರಕರು ತುಂಬಿ ಕಳಿಸಿದ್ದು. ಹಳೆಯ ಲೇಬಲ್‌ನವರು ಟೇಪುಗಳನ್ನು ಯಾರಿಗೋ ಮಾರಿ, ಕೊಂಡವರು ಅಪ್‌ಲೋಡ್ ಮಾಡಿದ ದಿನವನ್ನೇ ಬಿಡುಗಡೆಯ ದಿನವೆಂದು ತುಂಬಿದರೆ 1984ರ ಹಾಡು ನಿನ್ನೆ ಹುಟ್ಟಿದಂತೆ ತೋರುತ್ತದೆ. ನಿಮ್ಮ ಪಟ್ಟಿಯಲ್ಲಿ ಆಗಿದ್ದೂ ಬಹುಶಃ ಇದೇ. ಆಲ್ಬಂ ಕೆಳಗೆ ವೃತ್ತದೊಳಗೆ ‘ಪಿ’ ಇರುವ ಸಾಲು ಧ್ವನಿಮುದ್ರಣದ ಹಕ್ಕಿನದು, ‘ಸಿ’ ಇರುವ ಸಾಲು ಮುಖಪುಟ, ಬರಹ ಇತ್ಯಾದಿಯದು. ‘ಪಿ’ ಸಾಲಿನ ಇಸವಿ ಹಿಂದಿನದಿದ್ದರೆ ಅದು ಮರುಬಿಡುಗಡೆ ಎಂದೇ ತಿಳಿಯಿರಿ. ಅದೂ ಹೊಸ ಇಸವಿಯನ್ನೇ ತೋರಿಸಿದರೆ ನಿಶ್ಚಿಂತೆಯಿಂದ ಇರುವಂತಿಲ್ಲ, ಇನ್ನೊಂದು ಹೆಜ್ಜೆ ಹೋಗಬೇಕು.

ಯೂಟ್ಯೂಬ್‌ನಲ್ಲಿ ಹೆಸರಿನ ಕೊನೆಗೆ ‘ಟಾಪಿಕ್’ ಎಂದಿರುವ ಚಾನೆಲ್‌ಗಳನ್ನು ಯಂತ್ರವೇ ತಯಾರಿಸುತ್ತದೆ. ಅವುಗಳ ಹಾಡಿನ ಕೆಳಗಿನ ವಿವರಣೆ ತೆರೆದು ನೋಡಿ: ಮೊದಲ ಸಾಲಿನಲ್ಲಿ ಯೂಟ್ಯೂಬ್‌ಗೆ ಇದನ್ನು ಒದಗಿಸಿದ ವಿತರಕರ ಹೆಸರು, ಆಮೇಲೆ ಆಲ್ಬಂ, ‘ಪಿ’ ಸಾಲು, ‘ರಿಲೀಸ್ಡ್ ಆನ್’ ದಿನಾಂಕ, ಎಷ್ಟೋ ಸಲ ನಿರ್ಮಾಪಕರ ಹೆಸರೂ ಇರುತ್ತದೆ. ಒಂದೇ ಹಾಡು ಎರಡು ವಿತರಕರಿಂದ, ಎರಡು ದಿನಾಂಕದೊಂದಿಗೆ ಸಿಕ್ಕಿದರೆ ಹಿಂದಿನದನ್ನು ಹಿಡಿಯಿರಿ. ಇನ್ನೂ ಅನುಮಾನವಿದ್ದರೆ ಡಿಸ್ಕಾಗ್ಸ್ ದತ್ತಕೋಶದಲ್ಲಿ ಏಳಿಂಚಿನ ರೆಕಾರ್ಡಿನ ಪುಟ ಹುಡುಕಿ. ಜಮೈಕಾದ ಎಷ್ಟೋ ಹಳೆಯ ರೆಕಾರ್ಡುಗಳ ನಡುವೆ ಅಂಟಿಸಿದ ಲೇಬಲ್ ಚೀಟಿಯ ಮೇಲೆ ಇಸವಿಯೇ ಇರುವುದಿಲ್ಲ. ಕೆಲವು ಖಾಲಿ ಲೇಬಲ್‌ನಲ್ಲೇ ಬಂದಿವೆ. ಆಗ ರೆಕಾರ್ಡಿನಲ್ಲಿ ಹಾಡಿನ ಗೆರೆ ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕೈಯಿಂದ ಗೀಚಿದ, ಅಚ್ಚಿನ ಗುರುತಾದ ಮ್ಯಾಟ್ರಿಕ್ಸ್ ಸಂಖ್ಯೆಯೇ ಆಧಾರ. ಮರುಮುದ್ರಣದವರು ಲೇಬಲ್‌ನ ಚಿತ್ರವನ್ನು ಹಾಗೇ ಇಳಿಸಬಹುದು, ಗೀಚಿದ ಕೈಬರಹವನ್ನು ಇಳಿಸುವುದು ಅಷ್ಟು ಸುಲಭವಲ್ಲ.

ಒಂದೊಂದು ಧ್ವನಿಮುದ್ರಣಕ್ಕೂ ಕೊಡುವ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ-ಅಂಕಿಗಳ ಸಂಕೇತವೂ ನೆರವಾಗುತ್ತದೆ: ಮೊದಲ ಎರಡು ದೇಶದ ಗುರುತು, ಮುಂದಿನ ಮೂರು ನೋಂದಾಯಿಸಿದವರದು, ಆಮೇಲಿನ ಎರಡು ಇಸವಿ, ಕೊನೆಯ ಐದು ಕ್ರಮಸಂಖ್ಯೆ. ಆದರೆ ಆ ಇಸವಿ ಸಂಕೇತ ಕೊಟ್ಟ ವರ್ಷದ್ದು, ಹಾಡಿದ ವರ್ಷದ್ದೇ ಆಗಬೇಕಿಲ್ಲ. ಅದರ ನಿಜವಾದ ಉಪಯೋಗ ಬೇರೆ. ಮೊದಲು ಬಿಡಿ ಹಾಡಾಗಿ, ತಿಂಗಳ ಮೇಲೆ ರಿಡಿಮ್ ಆಲ್ಬಂನಲ್ಲಿ, ಆಮೇಲೆ ಗಾಯಕನ ಸ್ವಂತ ಆಲ್ಬಂನಲ್ಲಿ ಬಂದ ಹಾಡಿನ ಸಂಕೇತ ಮೂರು ಕಡೆಯೂ ಒಂದೇ ಆಗಿದ್ದರೆ ಅದು ಒಂದೇ ಧ್ವನಿಮುದ್ರಣ. ಪಟ್ಟಿಯಲ್ಲಿ ಮೂರು ಸಲ ‘ಹೊಸತು’ ಎಂದು ಬರೆಯುವ ಅಗತ್ಯವಿಲ್ಲ.

ಹೊಸದಾಗಿ ಬಂದ ಹಾಡು ಹೊಸದಾಗಿ ಹಾಡಿದ್ದು ಎಂದೂ ಹೇಳಲಾಗದು. ಡಾನ್ಸ್‌ಹಾಲ್ ಗಾಯಕ ವೈಬ್ಸ್ ಕಾರ್ಟೆಲ್ 2011ರಲ್ಲಿ ಬಂಧನಕ್ಕೊಳಗಾದವರು. 2024ರ ಮಾರ್ಚ್‌ನಲ್ಲಿ ಜಮೈಕಾದ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೊಲೆ ಪ್ರಕರಣದ ಶಿಕ್ಷೆಯನ್ನು ರದ್ದುಪಡಿಸಿತು, ಬಿಡುಗಡೆಯಾದದ್ದು ಆ ವರ್ಷದ ಜುಲೈ 31ರಂದು. ಜೈಲಿನಲ್ಲಿದ್ದ ಅಷ್ಟೂ ವರ್ಷ ಅವರ ಹಾಡುಗಳು ಬರುತ್ತಲೇ ಇದ್ದವು. ಅವುಗಳ ಬಿಡುಗಡೆಯ ದಿನಾಂಕ ನೋಡಿ ‘ಗಾಯಕನ ಈಗಿನ ಶೈಲಿ’ ಎಂದು ವಿಮರ್ಶೆ ಬರೆದರೆ ಕಾಲು ಜಾರುತ್ತದೆ.

ಇನ್ನು ಶುಕ್ರವಾರ. 2015ರ ಜುಲೈ 10ರಿಂದ ಜಗತ್ತಿನಾದ್ಯಂತ ಬಿಡುಗಡೆಗೆ ಶುಕ್ರವಾರ ಎಂದು ಉದ್ಯಮ ನಿಗದಿ ಮಾಡಿಕೊಂಡಿತು. ಅದಕ್ಕೂ ಮುಂಚೆ ಬ್ರಿಟನ್ನಿನಲ್ಲಿ ಸೋಮವಾರ, ಅಮೆರಿಕದಲ್ಲಿ ಮಂಗಳವಾರ ಇತ್ತು. ಬಿಲ್‌ಬೋರ್ಡ್‌ನ ಎಣಿಕೆಯ ವಾರವೂ ಶುಕ್ರವಾರದಿಂದ ಗುರುವಾರದವರೆಗೆ. ದೊಡ್ಡ ಕಂಪನಿಗಳ ಹಿಪ್‌ಹಾಪ್ ಆಲ್ಬಂಗಳಿಗೆ ಪೂರ್ತಿ ಏಳು ದಿನದ ಲೆಕ್ಕ ಬೇಕು, ಹಾಗಾಗಿ ಅವು ಶುಕ್ರವಾರ ತಪ್ಪಿಸುವುದಿಲ್ಲ. ಬಿಡಿ ಹಾಡುಗಳಿಗೆ ಆ ನೇಮ ಇಲ್ಲ. 2024ರಲ್ಲಿ ರ‍್ಯಾಪರ್‌ಗಳಾದ ಕೆಂಡ್ರಿಕ್ ಲಮಾರ್ ಮತ್ತು ಡ್ರೇಕ್ ನಡುವೆ ಹಾಡಿನಲ್ಲೇ ನಡೆದ ಜಟಾಪಟಿಯಲ್ಲಿ ಕೆಂಡ್ರಿಕ್‌ರ ‘ಯುಫೋರಿಯಾ’ ಬಂದದ್ದು ಏಪ್ರಿಲ್ 30, ಮಂಗಳವಾರ. ಅವರದೇ ಇನ್ನೊಂದು ಹಾಡು ಇನ್‌ಸ್ಟಾಗ್ರಾಂನಲ್ಲಷ್ಟೇ ಬಂತು. ‘ನಾಟ್ ಲೈಕ್ ಅಸ್’ ಮೇ 4, ಶನಿವಾರ. ಸವಾಲಿಗೆ ಜವಾಬು ಕೊಡುವವರು ಮುಂದಿನ ಶುಕ್ರವಾರದವರೆಗೆ ಕಾಯುತ್ತಾರೆಯೇ? ಆ ವಾರ ಶುಕ್ರವಾರದ ಪಟ್ಟಿ ಮಾತ್ರ ನೋಡಿದವರಿಗೆ ಜಗಳ ಮುಗಿದ ಮೇಲೆ ಸುದ್ದಿ ತಲುಪಿತು.

ಡಾನ್ಸ್‌ಹಾಲ್‌ನಲ್ಲಂತೂ ವಾರದ ಯಾವ ದಿನವಾದರೂ ಸರಿ. ಎಷ್ಟೋ ಹಾಡುಗಳು ಮೊದಲು ಯೂಟ್ಯೂಬ್‌ಗೆ ಬರುತ್ತವೆ, ಆಡಿಯೋ ಆ್ಯಪ್‌ಗಳಿಗೆ ದಿನಗಳ ಮೇಲೆ. ಅದಕ್ಕೂ ಮುಂಚೆ ಸೌಂಡ್ ಸಿಸ್ಟಂನವರ ಕೈಯಲ್ಲಿ ಓಡಾಡಿರಬಹುದು. ಆದ್ದರಿಂದ ನಿರ್ಮಾಪಕರ ಯೂಟ್ಯೂಬ್ ಚಾನೆಲ್‌ನಲ್ಲಿ ಗಂಟೆಯ ಚಿಹ್ನೆ ಒತ್ತಿ ‘ಆಲ್’ ಎಂದು ಇಟ್ಟುಕೊಳ್ಳುವುದು ಗಾಯಕರನ್ನು ಫಾಲೋ ಮಾಡುವುದಕ್ಕಿಂತ ಲಾಭ. ಇಪ್ಪತ್ತು ನಿರ್ಮಾಪಕರಷ್ಟು ಸಾಕು, ನೂರಾದರೆ ಗಂಟೆಯ ಸದ್ದಿಗೇ ಬೇಸರ ಬಂದು ಎಲ್ಲವನ್ನೂ ಮುಚ್ಚಿಬಿಡುತ್ತೀರಿ. ರೂಟ್ಸ್ (ಹಳೆಯ ಶೈಲಿಯ ರೆಗೆ), ಡಬ್ ಕಡೆ ಒಲವಿದ್ದರೆ ಹಾಡು ಮಾರುವ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಲೇಬಲ್‌ಗಳನ್ನು ಫಾಲೋ ಮಾಡಿ, ಹೊಸ ರೆಕಾರ್ಡ್ ಬಂದಾಗ ಇಮೇಲ್ ಬರುತ್ತದೆ. ವಿಪಿ ರೆಕಾರ್ಡ್ಸ್ ಮತ್ತು 2008ರಲ್ಲಿ ಅದು ಕೊಂಡುಕೊಂಡ ಗ್ರೀನ್‌ಸ್ಲೀವ್ಸ್, ಎರಡನ್ನೂ ಪಟ್ಟಿಯಲ್ಲಿಟ್ಟುಕೊಂಡರೆ ದೊಡ್ಡ ಬಿಡುಗಡೆಗಳಲ್ಲಿ ಬಹಳಷ್ಟು ಸಿಕ್ಕಂತೆಯೇ. ಹಂಗಾಮೂ ಇದೆ: ಫೆಬ್ರವರಿ ಜಮೈಕಾದಲ್ಲಿ ರೆಗೆ ಮಾಸ, ಜುಲೈನಲ್ಲಿ ಮಾಂಟೆಗೊ ಬೇಯ ರೆಗೆ ಸಮ್‌ಫೆಸ್ಟ್ ಉತ್ಸವ.

ಸಮಯದ ಬಗ್ಗೆ ಒಂದು ಸಣ್ಣ ಎಚ್ಚರಿಕೆ. ಜಮೈಕಾ ಗಡಿಯಾರವನ್ನು ಬೇಸಿಗೆಯಲ್ಲಿ ಮುಂದೆ ತಿರುಗಿಸುವುದಿಲ್ಲ, ನ್ಯೂಯಾರ್ಕ್ ತಿರುಗಿಸುತ್ತದೆ. ಚಳಿಗಾಲದಲ್ಲಿ ಎರಡೂ ಕಡೆ ಒಂದೇ ಹೊತ್ತು. ಬೇಸಿಗೆಯಲ್ಲಿ ನ್ಯೂಯಾರ್ಕಿನ ನಡುರಾತ್ರಿ ಎಂದರೆ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ರಾತ್ರಿ 11. ಪೋಸ್ಟರಿನಲ್ಲಿ ಮಾತ್ರ ವರ್ಷವಿಡೀ ‘ಇಎಸ್‌ಟಿ’ (ನ್ಯೂಯಾರ್ಕಿನ ಚಳಿಗಾಲದ ಹೊತ್ತು) ಎಂದೇ ಬರೆದಿರುತ್ತಾರೆ. ಜುಲೈನಲ್ಲಿ ಹಾಡಿನ ಪ್ರೀಮಿಯರ್ ಕಾಯುವವರು ಒಂದು ಗಂಟೆ ಹಿಂದೆಮುಂದೆ ಇಟ್ಟುಕೊಳ್ಳಬೇಕು.

ಹಿಪ್‌ಹಾಪ್‌ನ ಕಾಟ ಇನ್ನೊಂದು ಬಗೆಯದು. ಅಲ್ಲಿ ಬಿಡುಗಡೆಯಾದ ಆಲ್ಬಂ ಬಿಡುಗಡೆಯಾದ ಹಾಗೇ ಇರುವುದಿಲ್ಲ. ರ‍್ಯಾಪರ್ ಲಿಲ್ ಉಜಿ ವರ್ಟ್‌ರ ‘ಇಟರ್ನಲ್ ಅಟೇಕ್’ 2020ರ ಮಾರ್ಚ್ 6ರಂದು 18 ಹಾಡುಗಳೊಂದಿಗೆ ಬಂತು. ಒಂದೇ ವಾರಕ್ಕೆ, 13ರಂದು, ಇನ್ನೂ 14 ಹಾಡು ಸೇರಿಸಿ ‘ಡಿಲಕ್ಸ್’ ಆವೃತ್ತಿ ಬಂತು. ಇದರ ಹಿಂದೆ ಲೆಕ್ಕಾಚಾರವಿದೆ. ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘವಾದ ಆರ್‌ಐಎಎ 1,500 ಸ್ಟ್ರೀಮ್‌ಗಳನ್ನು (ಆ್ಯಪ್‌ನಲ್ಲಿ ಒಂದು ಹಾಡು ಒಮ್ಮೆ ಓಡಿದರೆ ಒಂದು ಸ್ಟ್ರೀಮ್) ಒಂದು ಆಲ್ಬಂ ಮಾರಾಟಕ್ಕೆ ಸಮ ಎಂದು ಎಣಿಸುತ್ತದೆ. ಹಾಡು ಹೆಚ್ಚಿದಷ್ಟೂ ಒಬ್ಬ ಕೇಳುಗನಿಂದ ಬರುವ ಸ್ಟ್ರೀಮ್ ಹೆಚ್ಚು. ಡಿಲಕ್ಸ್ ಬಂದಾಗ ನಿಮ್ಮ ಪಟ್ಟಿ ಇಡೀ ಆಲ್ಬಮನ್ನು ಮತ್ತೆ ಹೊಸತೆನ್ನುತ್ತದೆ. ಹೊಸದಾಗಿ ಸೇರಿದ ಹಾಡುಗಳಷ್ಟನ್ನೇ ಬರೆದರೆ ಓದುಗರಿಗೆ ಉಪಕಾರ. ಅವು ಕೊನೆಗೇ ಇರಬೇಕೆಂದಿಲ್ಲ, ಮೊದಲಿಗೂ ಬರಬಹುದು. ಹಳೆಯ ಹಾಡುಪಟ್ಟಿಯನ್ನು ಪಕ್ಕದಲ್ಲಿಟ್ಟು ತಾಳೆ ನೋಡುವುದೇ ದಾರಿ.

ಮಿಕ್ಸ್‌ಟೇಪ್‌ಗಳದು ಇನ್ನೂ ದೊಡ್ಡ ಗೋಜಲು. ಇನ್ನೊಬ್ಬರ ಬೀಟ್, ಅನುಮತಿ ಇಲ್ಲದ ಸ್ಯಾಂಪಲ್ (ಬೇರೆ ಹಾಡಿನಿಂದ ಎತ್ತಿದ ತುಣುಕು) ಬಳಸಿ ಉಚಿತವಾಗಿ ಹಂಚಿದ ಟೇಪುಗಳು ವರ್ಷಗಳ ನಂತರ ಆ್ಯಪ್‌ಗಳಿಗೆ ಬರುವಾಗ ಏನಾದರೊಂದು ಕಳೆದುಕೊಂಡಿರುತ್ತವೆ. ಚಾನ್ಸ್ ದ ರ‍್ಯಾಪರ್‌ರ 2013ರ ‘ಆ್ಯಸಿಡ್ ರ‍್ಯಾಪ್’ 2019ರಲ್ಲಿ ಆ್ಯಪ್‌ಗಳಿಗೆ ಬಂದಾಗ ‘ಜ್ಯೂಸ್’ ಎಂಬ ಹಾಡಿನ ಜಾಗದಲ್ಲಿ ಹಾಡೇ ಇರಲಿಲ್ಲ. ಸ್ಯಾಂಪಲ್‌ನ ಹಕ್ಕು ಸಿಗಲಿಲ್ಲವೆಂದು ಹೇಳುವ ಚಿಕ್ಕ ಮಾತು ಮಾತ್ರ ಇತ್ತು. ಹಿಪ್‌ಹಾಪ್ ತಂಡ ಡಿ ಲಾ ಸೋಲ್‌ನ ಆರಂಭದ ಆಲ್ಬಂಗಳು ಸ್ಟ್ರೀಮಿಂಗ್‌ಗೆ ಬಂದದ್ದೇ 2023ರ ಮಾರ್ಚ್ 3ರಂದು, ಮೊದಲ ಆಲ್ಬಂ ಬಂದ 34 ವರ್ಷಕ್ಕೆ. ಆ ದಿನದ ‘ಹೊಸ ಬಿಡುಗಡೆ’ಗಳಲ್ಲಿ ಅವೂ ಇದ್ದವು. ಕಾನ್ಯೆ ವೆಸ್ಟ್ 2016ರ ‘ದ ಲೈಫ್ ಆಫ್ ಪಾಬ್ಲೋ’ವನ್ನು ಬಿಡುಗಡೆಯ ನಂತರವೂ ತಿದ್ದುತ್ತಲೇ ಹೋದರು. ಇಂಥ ಕಡೆ ಹಾಡಿನ ಅವಧಿಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯ ರೂಢಿ. ಹೆಸರು ಅದೇ ಇದ್ದು ಅವಧಿಯಲ್ಲಿ ಹತ್ತು ಸೆಕೆಂಡ್ ವ್ಯತ್ಯಾಸ ಕಂಡರೆ ಒಳಗೆ ಏನೋ ಕತ್ತರಿ ಆಡಿದೆ ಎಂದರ್ಥ.

ಅವಧಿ ಒಂದೇ ಇದ್ದೂ ಮಾತು ಬೇರೆ ಇರುವುದುಂಟು. ಹಿಪ್‌ಹಾಪ್‌ನಲ್ಲಿ ‘ಎಕ್ಸ್‌ಪ್ಲಿಸಿಟ್’ ಮತ್ತು ‘ಕ್ಲೀನ್’, ಡಾನ್ಸ್‌ಹಾಲ್‌ನಲ್ಲಿ ‘ರಾ’ ಮತ್ತು ‘ಕ್ಲೀನ್’ ಎಂದು ಎರಡು ಪ್ರತಿ ಬರುತ್ತವೆ: ಒಂದರಲ್ಲಿ ಅಶ್ಲೀಲ ಮಾತು ಇರುತ್ತದೆ, ‘ಕ್ಲೀನ್’ನಲ್ಲಿ ಅದನ್ನು ತೆಗೆದಿರುತ್ತಾರೆ. ಜಮೈಕಾದ ಬ್ರಾಡ್‌ಕಾಸ್ಟಿಂಗ್ ಕಮಿಷನ್ 2022ರ ಅಕ್ಟೋಬರ್‌ನಲ್ಲಿ ಲಾಟರಿ ವಂಚನೆ, ಅಕ್ರಮ ಬಂದೂಕು, ಮಾದಕ ವಸ್ತುಗಳನ್ನು ಹೊಗಳುವ ಹಾಡುಗಳನ್ನು ರೇಡಿಯೋ, ಟೀವಿಯಲ್ಲಿ ಹಾಕಕೂಡದೆಂದು ನಿರ್ದೇಶನ ಹೊರಡಿಸಿತು. ಆದ್ದರಿಂದ ಅಲ್ಲಿನ ರೇಡಿಯೋ ಕೇಳಿ ಯಾವ ಹಾಡು ಓಡುತ್ತಿದೆ ಎಂದು ಅಂದಾಜು ಮಾಡಿದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ. ಮನೆಮಂದಿ ಓದುವ ಪತ್ರಿಕೆಯಲ್ಲಿ ಶಿಫಾರಸು ಮಾಡುವಾಗ ಯಾವ ಪ್ರತಿ ಎಂದು ಹೇಳುವುದೂ ಲೇಸು.

ಒಂದೇ ಹೆಸರಿನ ಇಬ್ಬರು ಗಾಯಕರ ಹಾಡುಗಳು ಒಂದೇ ಪುಟಕ್ಕೆ ಬಂದು ಬೀಳುವುದು ದಿನನಿತ್ಯದ ಮಾತು. ‘ಸ್ಪೈಸ್’, ‘ಫ್ಯೂಚರ್’ ಥರದ ಹೆಸರುಗಳಲ್ಲಿ ಇದು ಜಾಸ್ತಿ. ಲೇಬಲ್ ಎಂದೂ ಕೇಳದ್ದು, ಕ್ರೆಡಿಟ್ಸ್ ಖಾಲಿ, ಗಾಯಕರ ಸ್ವಂತ ಖಾತೆಯಲ್ಲಿ ಸುದ್ದಿಯೇ ಇಲ್ಲ: ಈ ಮೂರೂ ಸೇರಿದರೆ ಎರಡು ದಿನ ಕಾಯುವುದು ಕ್ಷೇಮ. ತಪ್ಪಾಗಿ ಬಿದ್ದ ಹಾಡು ಅಷ್ಟರಲ್ಲಿ ಮಾಯವಾಗಿರಬಹುದು. 2023ರ ಏಪ್ರಿಲ್‌ನಲ್ಲಿ ಡ್ರೇಕ್‌ರ ದನಿಯನ್ನು ಎಐನಿಂದ ಅನುಕರಿಸಿದ ಹಾಡೊಂದು ಆ್ಯಪ್‌ಗಳಲ್ಲೇ ಓಡಿ, ಆಮೇಲೆ ತೆಗೆಯಲ್ಪಟ್ಟಿತು.

ಮೂರನ್ನೂ ಒಂದೇ ಅಂಕಣದಲ್ಲಿ ಇಡಬಾರದೆಂದು ನಾವು ಹೇಳುತ್ತಿಲ್ಲ. ಹಿಪ್‌ಹಾಪ್‌ನ ಹುಟ್ಟುಹಬ್ಬವೆಂದು ಆಚರಿಸುವ 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ 1520 ಸೆಡ್ಜ್‌ವಿಕ್ ಅವೆನ್ಯೂದಲ್ಲಿ ರೆಕಾರ್ಡ್ ಹಾಕಿದ ಕೂಲ್ ಹರ್ಕ್ ಹುಟ್ಟಿದ್ದೇ ಕಿಂಗ್‌ಸ್ಟನ್ನಿನಲ್ಲಿ. ನೆಂಟಸ್ತಿಕೆ ಹಳೆಯದು. ಕೇಳಿಕೊಳ್ಳುವುದಿಷ್ಟೇ: ಪಟ್ಟಿಯಲ್ಲಿ ಹಾಡು, ಗಾಯಕರ ಜೊತೆಗೆ ಇನ್ನು ನಾಲ್ಕು ವಿವರ ಸೇರಿಸಿ. ರಿಡಿಮ್ ಇದ್ದರೆ ಅದರ ಹೆಸರು, ನಿರ್ಮಾಪಕ, ಲೇಬಲ್, ಮೊದಲು ಬಂದ ಇಸವಿ. ‘ಗೆಟ್ ಬಿಜಿ, ಶಾನ್ ಪಾಲ್, ದಿವಾಲಿ ರಿಡಿಮ್, ಲೆಂಕಿ, ವಿಪಿ/ಅಟ್ಲಾಂಟಿಕ್, 2002’ ಎಂದು ಬರೆದರೆ ಒಂದೂವರೆ ಸಾಲು. ಜಾಗ ಸಾಲದಿದ್ದರೆ ಹತ್ತು ಹಾಡಿನ ಬದಲು ಆರು ಸಾಕು. ರಿಡಿಮ್ ಆಲ್ಬಂ ಬಂದ ವಾರ ಅದರ ಹಾಡುಗಳನ್ನು ಪಟ್ಟಿಯ ಉದ್ದಕ್ಕೂ ಚೆಲ್ಲದೆ ಒಂದೇ ತಲೆಬರಹದ ಕೆಳಗೆ ಒಟ್ಟಿಗಿಡಿ. ‘ನಕಲು’ ಎಂದು ಅಚ್ಚಾದ ಹಾಡಿನ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕಿದರೆ, ಎರಡೂ ಹಾಡುಗಳ ಜೊತೆ ಆ ರಿಡಿಮ್‌ನ ಹೆಸರನ್ನೂ ಕೊಡಿ. ಓದುಗರು ತಾವೇ ಕೇಳಿ ನೋಡಲಿ.

ಇತಿ,
ಪುರವಣಿಯ ಓದುಗರು